ಉಪ್ಪುನೀರಿಗೆ ಬಿದ್ದ ಕೆಂಪು

ಇಳಕಲ್ಲಿನ ಶಿವಲಿಂಗವ್ವನ ಮನೆಗೆ ಹೊಸ ಬಣ್ಣದ ನೂಲು ಬಂದರೆ, ಮೊದಲು ಅದರ ಒಂದು ಎಳೆ ಉಪ್ಪುನೀರಿಗೆ ಬೀಳಬೇಕು. ಬಣ್ಣ ಬಿಟ್ಟರೆ ಆ ನೂಲು ಮಗ್ಗ ಹತ್ತುವುದಿಲ್ಲ.

ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದ ಮಗಳು ಪ್ರಿಯದರ್ಶಿನಿ ಅಂದು ತಂದದ್ದು ನೂಲಲ್ಲ, ಒಂದು ಪುಟ್ಟ ಗಾಜಿನ ಚೂರು. ಅದರ ಮೇಲೆ ಕಂಡೂ ಕಾಣದಂಥ ಪಾಲಿಮರ್ ಪೊರೆ. ವರ್ಷವಿಡೀ ಮಾಡಿದ್ದರಲ್ಲಿ ಸರಿಬಂದದ್ದು ಇದೊಂದೇ. ನಾಳೆ ಬಾಗಲಕೋಟೆಯ ನವನಗರದ ಕಾಲೇಜಿನಲ್ಲಿ ಪ್ರಾಧ್ಯಾಪಕರ ಮುಂದೆ ಇದನ್ನೇ ತೋರಿಸಬೇಕಿತ್ತು.

ಅವಳು ಒಂದು ಹನಿ ನೀರು ಬಿಟ್ಟಳು. ಬಣ್ಣವೇ ಇಲ್ಲದ ಗಾಜು ಕೆಂಪಗೆ ಹೊಳೆಯಿತು.

"ಯಾವ ಬಣ್ಣ ಹಾಕೀಯವಾ?"

"ಬಣ್ಣನ ಹಾಕಿಲ್ಲವ್ವ. ಎರಡು ನಮೂನಿ ಎಳಿ ಅದಾವು, ಒಂದಕ್ಕೊಂದು ಬೆರೆಯಂಗಿಲ್ಲ. ಆದ್ರ ನಾವು ಸೀರಿ ಒಡಲಿನ ಹಾಸಿನ ಎಳಿಗೂ ಸೆರಗಿನ ಹಾಸಿನ ಎಳಿಗೂ ಕೊಂಡಿ ಹಾಕ್ತೇವಲ್ಲ, ಹಂಗ ತುದಿಗೆ ಕೂಡ್ಯಾವು. ಬಿಟ್ಟು ಹೋಗಾಕ ಬರಂಗಿಲ್ಲ. ಅದಕ್ಕ ತಾವ ಪದರ ಪದರ ಆಗಿ ಕುಂಡರ್ತಾವು. ನೀರು ಕುಡದು ಒಂದು ಪದರ ಉಬ್ಬತೈತಿ. ಆಗ ಬೆಳಕಿನಾಗಿನ ಕೆಂಪಷ್ಟ ಹೊಳ್ಳಿ ಬರತೈತಿ."

"ಲಾಳಿ ಒಗದು ನೇಯ್ದವರು ಯಾರು?"

"ಯಾರೂ ಇಲ್ಲ."

"ನೇಕಾರರ ಮನಿ ಹುಡುಗಿ ಹೇಳೋ ಮಾತೇನ ಇದು?" ಶಿವಲಿಂಗವ್ವ ನಕ್ಕಳು.

ಮಗಳು ಜಳಕಕ್ಕೆ ಹೋದಳು. ಶಿವಲಿಂಗವ್ವ ಅಕ್ಕಿ ಆರಿಸುತ್ತಾ ಗಾಜನ್ನೇ ನೋಡುತ್ತಿದ್ದಳು. ಹಾಕದೇ ಇದ್ದ ಬಣ್ಣ ಬಿಡುವುದಾದರೂ ಹೇಗೆ? ಕೈ ಸುಮ್ಮನಿರಲಿಲ್ಲ. ಬಟ್ಟಲಿಗೆ ನೀರು, ಒಂದು ಚಿಟಿಕೆ ಉಪ್ಪು, ಅದರೊಳಗೆ ಚೂರು.

ಕೆಂಪು ಕಿತ್ತಳೆಯಾಯಿತು, ಆಮೇಲೆ ಹಸಿರು. ನೀರು ಮಾತ್ರ ತಿಳಿಯಾಗಿಯೇ ಇತ್ತು. ಹಾಗಾದರೆ ಕೆಂಪು ಹೋದದ್ದೆಲ್ಲಿಗೆ?

ಒದ್ದೆ ಕೂದಲಲ್ಲೇ ಬಂದ ಮಗಳು ಬಟ್ಟಲು ನೋಡಿ ಬಾಗಿಲಲ್ಲೇ ನಿಂತಳು.

"ಉಪ್ಪು ಹಾಕಿದೇನವ್ವ?"

"ಬಣ್ಣ ಬಿಡತೈತೇನಂತ ನೋಡಿದೆ. ಮೊದಲಿನ ಕೆಂಪು ಹೊಳ್ಳಿ ಬರತೈತಿಲ್ಲೋ?"

"ಬರಬೇಕು. ಉಪ್ಪಿಗೆ ಆ ಪದರ ಕುಗ್ಗಿ ಬಣ್ಣ ಬದಲಾಗತೈತಿ, ತೊಳದ್ರ ಮತ್ತ ಉಬ್ಬತೈತಂತ ಓದೇನಿ. ಇರೋದೊಂದ ಚೂರು, ಅದಕ್ಕ ಹಾಕಿ ನೋಡೋ ಧೈರ್ಯ ಮಾಡಿರಲಿಲ್ಲ."

ಅವಳು ಧಾರವಾಡದಿಂದ ತಂದಿದ್ದ ಬಾಟಲಿಯ ಶುದ್ಧ ನೀರಿನಲ್ಲಿ ಚೂರನ್ನು ತೊಳೆದಳು. ಹಸಿರು ಹೋಗಲಿಲ್ಲ. ಇನ್ನೊಮ್ಮೆ ತೊಳೆದಳು. ಹಸಿರು ಮೆಲ್ಲಗೆ ಹಳದಿಗೆ ತಿರುಗಿ, ಕಿತ್ತಳೆಯಾಗಿ, ಕೆಂಪಾಯಿತು. ಒಂದು ಮೂಲೆಯ ಪೊರೆ ಮಾತ್ರ ಎದ್ದು ಹೋಗಿತ್ತು.

"ಮೂಲಿ ಕೆಡಿಸಿಬಿಟ್ಟೆ."

"ಉಳದದ್ದು ಸಾಕವ್ವ. ನಾಳೆ ಅವರ ಮುಂದೂ ಉಪ್ಪು ಹಾಕಿ ತೋರಸ್ತೇನಿ."

"ಅಲ್ಲಿ ಹೊಳ್ಳಿ ಬರಲಿಲ್ಲಂದ್ರ?"

ಪ್ರಿಯದರ್ಶಿನಿ ಬಟ್ಟಲನ್ನು ತಾಯಿಯ ಕಡೆ ಸರಿಸಿದಳು.

"ಅದಕ್ಕ ಇಲ್ಲೇ ಇನ್ನೊಮ್ಮೆ ನೋಡೂಣು. ನೀನ ಹಾಕು."

ಶಿವಲಿಂಗವ್ವ ಮೊರ ಬದಿಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಒಂದು ಚಿಟಿಕೆ ಉಪ್ಪು ತೆಗೆದುಕೊಂಡಳು.