ಮೈಕ್ ಕೊಡಿ

ನಾನು ಒಂದು ಮೈಕು. ಮದುವೆ ಮನೆಗಳಲ್ಲಿ, ಗಣೇಶನ ಪೆಂಡಾಲುಗಳಲ್ಲಿ ಊರೂರು ಸುತ್ತುವ ಮೈಕಲ್ಲ. ಮೇಜಿಗೆ ಬುಡ ಊರಿ, ಹಾವಿನ ಹಾಗೆ ಕತ್ತು ಬಾಗಿಸಿ ಕೂತಲ್ಲೇ ಆಯಸ್ಸು ಕಳೆಯುವ ಜಾತಿ ನನ್ನದು. ಹುಟ್ಟಿದ್ದು ನಗರದ ಹೊರವಲಯದ ಒಂದು ಕಾರ್ಖಾನೆಯಲ್ಲಿ. ಅಲ್ಲಿ ನೀಲಿ ಕೋಟಿನ ಹೆಣ್ಣುಮಕ್ಕಳು ಸಾಲಾಗಿ ಕೂತು ಕೂದಲೆಳೆಯಂಥ ತಂತಿಗಳನ್ನು ಬೆಸೆಯುತ್ತಿದ್ದರು. ನನ್ನನ್ನು ಜೋಡಿಸಿದ ಹುಡುಗಿ ಕೆಲಸ ಮುಗಿಸಿ, ನನ್ನ ಹತ್ತಿರ ಬಾಯಿ ತಂದು, ಯಾರಿಗೂ ತೊಂದರೆಯಾಗಬಾರದೆಂಬಂತೆ ಮೆಲ್ಲಗೆ "ಒಂದು, ಎರಡು, ಮೂರು" ಎಂದಳು. ಮನುಷ್ಯರ ಬಾಯಿ ಎಂದರೆ ಹೀಗೇ ಇರುತ್ತದೆ ಎಂದುಕೊಂಡೆ. ಆಗಿನ್ನೂ ಬೇರೆ ಬಾಯಿಗಳನ್ನು ನೋಡಿರಲಿಲ್ಲ.

ನನ್ನನ್ನು ತಂದು ನಿಲ್ಲಿಸಿದ್ದು ರಾಜ್ಯದ ವಿಧಾನಸಭೆಯಲ್ಲಿ, ಹಿಂದಿನ ಸಾಲಿನ ಒಂದು ಮೇಜಿನ ಮೇಲೆ. ನನ್ನ ಕತ್ತಿಗೆ ಬಳೆಯಂಥ ಒಂದು ಕೆಂಪು ದೀಪ. ಅದನ್ನು ಹೊತ್ತಿಸುವವರು ಮೇಲೆ ಗಾಜಿನ ಕೋಣೆಯಲ್ಲಿ ಕೂತಿರುತ್ತಾರೆ. ಅವರು ಅಧ್ಯಕ್ಷರ ಮುಖ ನೋಡಿಕೊಂಡು ಗುಂಡಿ ಒತ್ತುತ್ತಾರೆ. ದೀಪ ಹೊತ್ತಿದರೆ ಆಡಿದ ಮಾತು ಕಡತಕ್ಕೆ ಹೋಗುತ್ತದೆ. ಹೊತ್ತದಿದ್ದರೆ ಗಾಳಿಗೆ. "ಮೈಕ್ ಕೊಡಿ, ಮೈಕ್ ಕೊಡಿ" ಎಂದು ಸದಸ್ಯರು ಕೂಗುವಾಗ ನಾನು ಅವರ ಮೂಗಿನ ಕೆಳಗೇ ಇರುತ್ತೇನೆ. ಅವರು ಕೇಳುತ್ತಿರುವುದು ದೀಪವನ್ನು. ಆದರೆ ಕಿವಿಗೆ ದೀಪ ಬೇಕಿಲ್ಲ. ದೀಪವಿಲ್ಲದಾಗ ಕೇಳಿಸಿಕೊಂಡದ್ದೇ ನನ್ನ ಬದುಕಿನಲ್ಲಿ ಹೆಚ್ಚು.

ಆ ಮೇಜಿಗೆ ಮೊದಲು ಬಂದವರು ಎಲೆಅಡಿಕೆಯ ಹಿರಿಯರು. ಐದು ವರ್ಷದಲ್ಲಿ ಅವರು ಮಾತಾಡಿದ್ದು ಕಡಿಮೆ, ನನ್ನ ಮೇಲೆ ಸಿಡಿಸಿದ್ದು ಹೆಚ್ಚು. ಸಂಜೆ ಸದನ ಮುಗಿದ ಮೇಲೆ ದಫೇದಾರ್ ಚಂದ್ರಪ್ಪ ಬಟ್ಟೆ ಹಿಡಿದು ಬರುತ್ತಿದ್ದ. ನನ್ನ ಮೂತಿಯ ಜಾಲರಿಯಲ್ಲಿ ಸಿಕ್ಕಿಕೊಂಡ ಕೆಂಪು ಚೂರುಗಳನ್ನು ಸೂಜಿಯಿಂದ ಕೀಳುತ್ತ, "ಇವರ ಹೆಂಡ್ತಿ ಹೆಂಗೆ ಸಹಿಸ್ಕೊಂಡಿದಾರೋ" ಎಂದು ಗೊಣಗುತ್ತಿದ್ದ.

ಆಮೇಲೆ ಬಂದವನು ಪ್ರಾಯದವನು, ಗಂಟಲು ದೊಡ್ಡದು. ಒಂದು ದಿನ ಎದುರು ಸಾಲಿನ ಒಬ್ಬರನ್ನು ಬೆಳಗ್ಗೆಯೆಲ್ಲ ಕಳ್ಳ, ಲಫಂಗ ಎಂದು ಬಯ್ದು, ಸಿಟ್ಟಿನ ಭರದಲ್ಲಿ ನನ್ನ ಕತ್ತನ್ನೇ ಹಿಡಿದು ತಿರುಚಿದ. ಊಟದ ಬಿಡುವಿನಲ್ಲಿ ಅದೇ ಎದುರು ಸಾಲಿನವರು ಬಂದು ಅವನ ಹೆಗಲ ಮೇಲೆ ಕೈ ಹಾಕಿದರು. "ಏನಯ್ಯಾ, ಇವತ್ತು ಜಾಸ್ತಿ ಬೈದ್ಬಿಟ್ಟೆ?" "ಟಿವಿಯವರು ಬಂದಿದ್ರಲ್ಲಣ್ಣ." ಇಬ್ಬರೂ ನಗುತ್ತ ಕ್ಯಾಂಟೀನಿಗೆ ಹೋದರು. ತಿರುಚಿದ ಕತ್ತು ಮಾತ್ರ ಮತ್ತೆ ನೆಟ್ಟಗಾಗಲಿಲ್ಲ.

ಮೂರನೆಯವರು ದಾಕ್ಷಾಯಿಣಿ ಹೂಗಾರ. ಬೆಣ್ಣಿಹಾಳ ಕ್ಷೇತ್ರದಿಂದ ಮೊದಲ ಸಲ ಗೆದ್ದು ಬಂದ ಹೆಣ್ಣುಮಗಳು. ಕೂತ ಮೊದಲ ದಿನವೇ ಚೀಲದಿಂದ ಕರವಸ್ತ್ರ ತೆಗೆದು ನನ್ನನ್ನು ಒರೆಸಿದರು. ಮಾತಾಡಲು ಎದ್ದಾಗಲೆಲ್ಲ ಅವರ ಎಡಗೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿರುತ್ತಿತ್ತು. ಆ ಬಿಗಿ ನನ್ನ ಬುಡಕ್ಕೆ ತಿಳಿಯುತ್ತಿತ್ತು, ದನಿಯಲ್ಲಿ ಮಾತ್ರ ಅದು ಕೇಳಿಸುತ್ತಿರಲಿಲ್ಲ.

ಅವರಿಗೆ ಬೇಕಾಗಿದ್ದುದು ಒಂದೇ. ಬೆಣ್ಣಿಹಾಳದ ತಾಲ್ಲೂಕು ಆಸ್ಪತ್ರೆಗೆ ಒಬ್ಬ ಅರಿವಳಿಕೆ ವೈದ್ಯರು. ಆಪರೇಷನ್ ಕೋಣೆ ಇತ್ತು, ಹೆರಿಗೆ ಡಾಕ್ಟರೂ ಇದ್ದರು. ನೋವು ಗೊತ್ತಾಗದಂತೆ ಚುಚ್ಚುಮದ್ದು ಕೊಡುವವರಿಲ್ಲದೆ ಕಷ್ಟದ ಹೆರಿಗೆಗಳನ್ನೆಲ್ಲ ಜಿಲ್ಲಾ ಆಸ್ಪತ್ರೆಗೆ ಅಟ್ಟುತ್ತಿದ್ದರು. ಹಾಗೆ ಅಟ್ಟಿಸಿಕೊಂಡ ಫಕೀರವ್ವ ಎಂಬವಳು ದಾರಿಯಲ್ಲೇ ತೀರಿಕೊಂಡಿದ್ದಳು.

ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ವೆಂಕಟರಾಯರು ಸದನದಲ್ಲಿ ಹಳಬರು. ಅವರೇ ದಾಕ್ಷಾಯಿಣಿಯವರಿಗೆ ದಾರಿ ತೋರಿಸಿದ್ದು. "ನೋಡಿ ತಾಯಿ, ಸಚಿವರು ಮೊಗಸಾಲೆಯಲ್ಲಿ ಹೇಳಿದ್ದು ಗಾಳಿ ಮಾತು. ಎದ್ದು ನಿಂತು, ಮೈಕಿನಲ್ಲಿ 'ಇಷ್ಟರೊಳಗೆ ಮಾಡ್ತೇವೆ' ಅಂದ್ರೋ, ಅದು ಭರವಸೆ. ಭರವಸೆಗಳಿಗೆ ಅಂತಲೇ ಒಂದು ಸಮಿತಿ ಇದೆ. ಮಾಡೋವರೆಗೂ ಇಲಾಖೆ ಬೆನ್ನು ಬಿಡೋದಿಲ್ಲ. ಹೇಗಾದ್ರೂ ಆ ಮಾತು ಅವರ ಬಾಯಿಂದ ಹೊರಡಿಸಿ."

ಒಂದು ದಿನ ಪ್ರಶ್ನೋತ್ತರದ ಪಟ್ಟಿಯಲ್ಲಿ ಅವರ ಪ್ರಶ್ನೆ ಬಂತು. ಹೆಸರು ಕರೆದರು. ಆರೋಗ್ಯ ಸಚಿವರು ಅರ್ಧ ಎದ್ದು, "ಸನ್ಮಾನ್ಯ ಅಧ್ಯಕ್ಷರೆ, ಉತ್ತರ ಒದಗಿಸಲಾಗಿದೆ" ಎಂದು ಕೂತರು. ನನ್ನ ದೀಪ ಹೊತ್ತಿತು.

"ಅಧ್ಯಕ್ಷರೇ, ಉತ್ತರ ಬಂದೈತ್ರಿ. 'ಪರಿಶೀಲನೆಯಲ್ಲಿದೆ' ಅಂತ ಬರದಾರ. ಹ್ವಾದ ವರ್ಷನೂ ಇದ ಬರದಿದ್ರು. ನಾ ಕೇಳೋದು ಇಷ್ಟರಿ, ನಮ್ಮ ಆಸ್ಪತ್ರಿಗೆ ಅರಿವಳಿಕೆ ಡಾಕ್ಟರ್ ಯಾವಾಗ ಬರತಾರ? ಅರಿವಳಿಕೆ ಕೊಡೋರು ಇಲ್ದ ಫಕೀರವ್ವ ಅನ್ನೋ ಹೆಣಮಗಳು…"

ಎದುರು ಸಾಲಿನಿಂದ ವಿರೋಧ ಪಕ್ಷದ ಚೆನ್ನರಾಜ್ ಎಂಬ ಸದಸ್ಯರು ಎದ್ದರು. ಅವರು ಮಾತಿನ ಮಲ್ಲರೆಂದು ಹೆಸರಾದವರು. ಅವರು ಎದ್ದರೆ ಪತ್ರಕರ್ತರು ಪೆನ್ನು ಹಿಡಿಯುತ್ತಿದ್ದರು.

"ಅರಿವಳಿಕೆಗೆ ಡಾಕ್ಟರ್ ಯಾಕಮ್ಮ? ನಮ್ಮ ಹಣಕಾಸು ಸಚಿವರ ಬಜೆಟ್ ಭಾಷಣ ಹಾಕ್ಸಿ. ಇಡೀ ವಾರ್ಡು ಮಲಗುತ್ತೆ."

ಸದನ ನಕ್ಕಿತು. ಅಧ್ಯಕ್ಷರು ನಕ್ಕರು. ದಾಕ್ಷಾಯಿಣಿಯವರ ಬಾಯಿ ತೆರೆದೇ ಇತ್ತು. ಮುಂದಿನ ಮಾತು 'ಸತ್ತಳು' ಎಂಬುದು ಅಲ್ಲೇ ನಿಂತಿತ್ತು. ಹಣಕಾಸು ಸಚಿವರೂ ಸೋಲುವವರಲ್ಲ. "ನನ್ನ ಭಾಷಣ ಕೇಳಿದೋರು ಎದ್ದಾದ್ರೂ ಏಳ್ತಾರೆ. ನಿಮ್ಮ ನಾಯಕರದ್ದು ಹಾಕಿಸಿದ್ರೆ ಏಳೋದೇ ಇಲ್ಲ" ಎಂದರು. ಮತ್ತೆ ನಗೆ. ಆಮೇಲೆ ಯಾರೋ, ಏಳೋದೇ ಇಲ್ಲ ಎಂದರೇನು ಅರ್ಥ, ನಮ್ಮ ನಾಯಕರನ್ನು ಸಾಯಿಸುತ್ತೀರಾ, ಮಾತು ಹಿಂದಕ್ಕೆ ತಗೊಳ್ಳಿ ಎಂದು ಕೂಗಿದರು. ಒಂದು ಸಾಲು ಎದ್ದಿತು, ಇನ್ನೊಂದು ಸಾಲು ಎದ್ದಿತು, ಎಲ್ಲರೂ ಅಧ್ಯಕ್ಷರ ಪೀಠದ ಮುಂದಿನ ಬಾವಿಗೆ ಇಳಿದರು. ಇಲ್ಲಿ ಬಾವಿ ಎಂದರೆ ನೀರಿರುವುದಲ್ಲ, ರತ್ನಗಂಬಳಿ ಹಾಸಿದ ಬಯಲು. ಎಷ್ಟು ಜನ ಇಳಿದರೂ ಯಾರೂ ಮುಳುಗುವುದಿಲ್ಲ. ನನ್ನ ದೀಪ ಆರಿತು.

ಆ ಗದ್ದಲದ ನಡುವೆ ಆರೋಗ್ಯ ಸಚಿವರು ನಿಧಾನವಾಗಿ ಮೆಟ್ಟಿಲು ಹತ್ತಿ ನಮ್ಮ ಮೇಜಿನ ಬಳಿ ಬಂದರು. ಬಾಗಿದರು. ಏಲಕ್ಕಿಯ ಘಮ.

"ಅಮ್ಮಾ, ಸಂಕಟ ಪಟ್ಕೋಬೇಡಿ. ಮುಂದಿನ ತಿಂಗಳೊಳಗೆ ಡಾಕ್ಟರ್ ಬರ್ತಾರೆ. ನನ್ನ ಮಾತು."

"ಆ ಮಾತನ್ನ ನಿಮ್ಮ ಜಾಗದಾಗ ಎದ್ದು ನಿಂತು ಹೇಳ್ರಿ ಸಾಹೇಬ್ರ. ಒಂದ ಸಲ."

"ಈ ಗಲಾಟೇಲಿ ಯಾರಿಗೆ ಕೇಳುತ್ತೆ ಹೇಳಿ?"

"ಮೈಕಿಗೆ ಕೇಳತೈತ್ರಿ. ಸಾಕು."

ಅವರು ನನ್ನತ್ತ ನೋಡಿದರು. ನನ್ನ ಕತ್ತಿನ ಬಳೆ ಕಪ್ಪಗಿರುವುದನ್ನು ನೋಡಿಯೇ ಮುಗುಳ್ನಕ್ಕರು. "ನಂಬಿಕೆ ಇರ್ಬೇಕು ತಾಯಿ. ನಾವೆಲ್ಲ ಒಂದೇ ಮನೆಯವರಲ್ವಾ?" ಎಂದು, ಮಗುವಿನ ತಲೆ ತಟ್ಟುವಂತೆ ನನ್ನ ತಲೆ ತಟ್ಟಿ ಇಳಿದು ಹೋದರು. ಉಗುಳನ್ನು ಕಂಡಿದ್ದೆ, ಬೈಗುಳ ಕೇಳಿದ್ದೆ. ಹೇಸಿಗೆಯಿಂದ ಮೈ ಜುಮ್ಮೆಂದದ್ದು ಆ ಸುವಾಸನೆಯ ಬಾಯಿಗೆ.

ಗದ್ದಲ ನಡೆದಿರುವಾಗಲೇ ಅಧ್ಯಕ್ಷರು ವಿಧೇಯಕಗಳನ್ನು ಮತಕ್ಕೆ ಹಾಕಿದರು. ಪರವಾಗಿರುವವರು ಹೌದು ಎನ್ನಿ, ವಿರುದ್ಧ ಇರುವವರು ಇಲ್ಲ ಎನ್ನಿ. ಬಾವಿಯಲ್ಲಿದ್ದವರು ಬೇರೇನೋ ಕೂಗುತ್ತಿದ್ದರು. ಅಧ್ಯಕ್ಷರಿಗೆ ಅದೂ ಹೌದು ಎಂದೇ ಕೇಳಿಸಿತು. ವಿಧೇಯಕಗಳು ಒಂದರ ಹಿಂದೊಂದು ಅಂಗೀಕಾರವಾದವು. ಮಧ್ಯಾಹ್ನ ದಾಕ್ಷಾಯಿಣಿಯವರು ಮತ್ತೆ ಎದ್ದರು.

"ಅಧ್ಯಕ್ಷರೇ, ಸಚಿವರು ನನ್ನ ಹತ್ರ ಬಂದು, ಮುಂದಿನ ತಿಂಗಳು ಡಾಕ್ಟರ್ ಕೊಡತೀವಿ ಅಂದಾರ್ರಿ. ಅದು ದಾಖಲಾಗಲಿ."

"ಸದನದ ಹೊರಗಿನ ಮಾತು ಇಲ್ಲಿ ಬೇಡಮ್ಮ."

"ಹೊರಗಲ್ರಿ, ಒಳಗ. ಇಲ್ಲೇ, ಈ ಮೇಜಿನ ಮುಂದ."

"ಮೈಕಿನಲ್ಲಿ ಹೇಳಿದ್ರಾ? ಇಲ್ಲ ತಾನೆ? ಕಡತಕ್ಕೆ ಹೋಗೋದಿಲ್ಲ. ಕೂತ್ಕೊಳಿ."

ನಾನು ಕೇಳಿದ್ದೆ, ಒಂದಕ್ಷರ ಬಿಡದೆ. ಕೇಳಿಸಿಕೊಳ್ಳುವುದಕ್ಕೆಂದೇ ಮಾಡಿದ ವಸ್ತುವಿನ ಸಾಕ್ಷಿ ಯಾರಿಗೂ ಬೇಡವಾಗಿತ್ತು. ಮರುದಿನ ಬೆಳಗ್ಗೆ ವೆಂಕಟರಾಯರು ಮೇಜಿನ ಮೇಲೆ ಪತ್ರಿಕೆ ಹರಡಿದರು. 'ಸದನದಲ್ಲಿ ನಗೆಯ ಹೊನಲು' ಎಂದು ಚೌಕದಲ್ಲಿ ಚೆನ್ನರಾಜರ ಮಾತು ಬಂದಿತ್ತು. ಬೆಣ್ಣಿಹಾಳದ ಹೆಸರು ಇರಲಿಲ್ಲ.

ಮುಂದಿನ ತಿಂಗಳು ಡಾಕ್ಟರು ಬರಲಿಲ್ಲ. ಅದರ ಮುಂದಿನ ತಿಂಗಳೂ ಬರಲಿಲ್ಲ. ಮತ್ತೆ ಅಧಿವೇಶನ ಕೂಡಿದ ದಿನ ದಾಕ್ಷಾಯಿಣಿಯವರು ವೆಂಕಟರಾಯರಿಗೆ, "ಇನ್ನೊಬ್ಬಾಕಿ ಹ್ವಾದ್ಳರಿ. ಮಾಬೂಬಿ ಅಂತ. ಕೂಸೂ ಉಳೀಲಿಲ್ಲ" ಎಂದರು. ವೆಂಕಟರಾಯರು ಕನ್ನಡಕ ತೆಗೆದು ಕೈಯಲ್ಲಿಟ್ಟುಕೊಂಡರು.

ಮೊದಲ ದಿನದ ಮೊದಲ ಕಲಾಪ ಸಂತಾಪ ಸೂಚನೆ. ಅಧ್ಯಕ್ಷರು ತೀರಿಕೊಂಡ ಗಣ್ಯರ ಹೆಸರು ಓದುತ್ತಾರೆ, ಸದಸ್ಯರು ಅವರ ಗುಣಗಾನ ಮಾಡುತ್ತಾರೆ. ಆ ಹೊತ್ತಿನಲ್ಲಿ ಯಾರೂ ಯಾರ ಮಾತಿಗೂ ಅಡ್ಡ ಬರುವುದಿಲ್ಲ, ಗಂಟೆ ಹೊಡೆಯುವುದಿಲ್ಲ, ಮೈಕು ಕತ್ತರಿಸುವುದಿಲ್ಲ. ಅದೊಂದು ಮರ್ಯಾದೆ ಅಲ್ಲಿ ಉಳಿದಿತ್ತು. ದಾಕ್ಷಾಯಿಣಿಯವರು ಕೈ ಎತ್ತಿದರು. ದೀಪ ಹೊತ್ತಿತು.

"ಅಧ್ಯಕ್ಷರೇ, ಈ ಯಾದಿಯೊಳಗ ಎರಡು ಹೆಸರು ಬಿಟ್ಟುಹೋಗ್ಯಾವ್ರಿ. ಫಕೀರವ್ವ ಬಸಪ್ಪ ಮಡಿವಾಳರ. ಮಾಬೂಬಿ ರಾಜೇಸಾಬ ನದಾಫ. ಅವರು ಶಾಸಕರಾಗಿರಲಿಲ್ಲ. ನಮ್ಮ ಆಸ್ಪತ್ರ್ಯಾಗ ಅರಿವಳಿಕೆ ಕೊಡೋ ಡಾಕ್ಟರ್ ಇಲ್ದ ಸತ್ತಾರ. ಡಾಕ್ಟರ್ ಕೊಡತೀವಿ ಅಂತ ಈ ಸದನದಾಗ ನನಗ ಮಾತು ಕೊಟ್ಟಿದ್ರು. ಇವರಿಗೂ ಸಂತಾಪ ಹೇಳ್ರಿ."

ಅಧ್ಯಕ್ಷರ ಕೈ ಗಂಟೆಯವರೆಗೆ ಹೋಯಿತು. ಅಲ್ಲೇ ನಿಂತಿತು. "ಎಲ್ಲರೂ ಎದ್ದು ನಿಂತು ಮೌನ ಆಚರಿಸಬೇಕೆಂದು ಕೋರುತ್ತೇನೆ" ಎಂದರು. ಸದನ ಎದ್ದಿತು. ಚೆನ್ನರಾಜ್ ತಲೆ ತಗ್ಗಿಸಿದರು. ಆರೋಗ್ಯ ಸಚಿವರು ಕೈ ಕಟ್ಟಿ, ಕಣ್ಣು ಮುಚ್ಚಿ ನಿಂತರು, ತುಟಿ ಬಿಗಿದಿತ್ತು.

ಕೂತ ಮೇಲೆ ವೆಂಕಟರಾಯರು ಪಿಸುಗುಟ್ಟಿದರು. "ದಾಖಲಾಯ್ತು ತಾಯಿ. ಈ ಸಲ ಯಾರೂ ತೆಗೆಯೋಕಾಗಲ್ಲ."

"ಏನಂತ ದಾಖಲಾತ್ರಿ?"

"ಸಂತಾಪ ಅಂತ."

"ಸಂತಾಪದ ಬೆನ್ನು ಹತ್ತಾಕ ಯಾವುದರೆ ಸಮಿತಿ ಐತೇನ್ರಿ?"

ಅಗಲಿದವರ ಗೌರವಾರ್ಥ ಸದನವನ್ನು ಮರುದಿನಕ್ಕೆ ಮುಂದೂಡಲಾಯಿತು. ಎಲ್ಲರೂ ಲಗುಬಗೆಯಿಂದ ಹೊರಟರು. ದಾಕ್ಷಾಯಿಣಿಯವರು ಮಾತ್ರ, ಖಾಲಿಯಾದ ಸಾಲುಗಳನ್ನು ನೋಡುತ್ತ, ಮೇಜಿನ ಅಂಚು ಹಿಡಿದು ಕೂತಿದ್ದರು.

ಆ ಅಧಿವೇಶನ ಮುಗಿದ ಮೇಲೆ ಸದನಕ್ಕೆ ಹೊಸ ಬಗೆಯ ಮೈಕುಗಳು ಬಂದವು. ನಮ್ಮನ್ನು ಕಿತ್ತು ಗೋಣಿಚೀಲದಲ್ಲಿ ತುಂಬಿ ಉಗ್ರಾಣಕ್ಕೆ ಹಾಕಿದರು. ಮುರಿದ ಕುರ್ಚಿಗಳ ಸಂದಿಯಲ್ಲಿ, ಹಲ್ಲಿಗಳ ನಡುವೆ ಬಿದ್ದಿದ್ದೇನೆ. ನಾನು ಹೊರಡುವ ದಿನದವರೆಗೆ ಬೆಣ್ಣಿಹಾಳಕ್ಕೆ ಡಾಕ್ಟರು ಹೋಗಿರಲಿಲ್ಲ. ಆಮೇಲಿನದು ನನಗೆ ತಿಳಿಯದು, ತಿಳಿಯದ್ದನ್ನು ಹೇಳಬಾರದು.

ಇಲ್ಲಿ ಬಿದ್ದಿರುವಾಗ ನನ್ನನ್ನು ಕಾಡುವುದು ಅವರ ಬೈಗುಳವಲ್ಲ, ನಗೆಯೂ ಅಲ್ಲ. ಆ ಮೌನ. ಒಬ್ಬರೂ ತಡವರಿಸದೆ, ಒಬ್ಬರೂ ಅತ್ತಿತ್ತ ನೋಡದೆ, ಎಷ್ಟು ಚೆನ್ನಾಗಿ ನಿಂತರು ಅವರು. ಬದುಕಿದ್ದವಳಿಗಾಗಿ ಒಂದು ಮಾತು ಹೇಳಲು ಏಳದ ಕಾಲುಗಳು, ಸತ್ತ ಮೇಲೆ ಒಟ್ಟಿಗೇ ಎದ್ದವು.