ಫೋಕಸ್ಸಿನ ಆಚೆ ಈಚೆ

"ಹೆಂಗೈತ್ರಿ, ಕಲ್ಲೇಶ ಸರ್? ನೀವು ಹೂಂ ಅಂದ್ರ ಇವತ್ತ ಕಳಿಸಿಬಿಡ್ತೀನಿ."

ಐಶ್ವರ್ಯ ಲ್ಯಾಪ್‌ಟಾಪನ್ನು ಅವನತ್ತ ತಿರುಗಿಸಿದಳು. ಗಂಗಾವತಿಯ ಭತ್ತದ ಹೊಟ್ಟು ಸುಟ್ಟ ಬೂದಿಯ ಒಂದು ಕಣ ತೆರೆಯ ತುಂಬ ಹರಡಿತ್ತು, ಮೈಮೇಲೆಲ್ಲ ಗುಳ್ಳೆ. ಕಾಲೇಜಿನ ಈ ಕೋಣೆಯಲ್ಲಿ, ಪಂಪಾಪತಿ ಸರ್ ಕೈಕೆಳಗೆ ಕಲ್ಲೇಶ ಆರು ವರ್ಷದಿಂದ ಪಿಎಚ್‌.ಡಿ. ಎಂದು ಒದ್ದಾಡುತ್ತಿದ್ದ. ಇವಳು ಸೇರಿ ಎರಡು ವರ್ಷ, ಆಗಲೇ ವಿದೇಶಿ ಪತ್ರಿಕೆಗೆ ಲೇಖನ. ಅವನಿಗೆ ಹೊಟ್ಟೆ ಉರಿಯಿತು.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕ್ಯಾಮೆರಾ ಬೆಳಕು-ಕತ್ತಲನ್ನಷ್ಟೇ ಹಿಡಿಯುತ್ತದೆ. ಕಣ ದಾಟಿಬಂದ ಎಲೆಕ್ಟ್ರಾನ್ ಅಲೆ ಎಲ್ಲಿ ಎಷ್ಟು ಹಿಂದೆ ಬಿತ್ತೆಂಬ ಲೆಕ್ಕ, ಅಂದರೆ ಫೇಸ್, ಕಳೆದುಹೋಗುತ್ತದೆ. ಫೋಕಸ್ಸಿಗೆ ತುಸು ಈಚೆ, ತುಸು ಆಚೆ ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಅದನ್ನು ಮರಳಿ ಪಡೆದರೇನೇ ಕಣದ ಉಬ್ಬುತಗ್ಗು ತಿಳಿಯುವುದು. ಆಚೆ ಈಚೆ ಅದಲುಬದಲಾದರೆ ಉಬ್ಬು ತಗ್ಗಾಗಿ, ತಗ್ಗು ಉಬ್ಬಾಗಿ ಕಾಣುತ್ತದೆ.

ಚಿತ್ರದ ಮೂಲೆಯಲ್ಲಿ ಕಣದ ಅಂಚು ಚೂರೇ ಚೂರು ಕಂಡಿತು. ಅಲ್ಲಿ ಖಾಲಿ ಜಾಗ ಕಣಕ್ಕಿಂತ ಎತ್ತರವಾಗಿತ್ತು. ಈಚೆಯ ಚಿತ್ರವನ್ನು ಆಚೆಯದೆಂದು ಕೊಟ್ಟುಬಿಟ್ಟಿದ್ದಾಳೆ! ಕಲ್ಲೇಶನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮುಂದೇನೆಂದು ಯೋಚಿಸುವ ಪುರಸೊತ್ತೂ ಆ ಸಂತೋಷಕ್ಕಿರಲಿಲ್ಲ. ಅವಳಿಗೊಬ್ಬಳಿಗೇ ಮೆಲ್ಲಗೆ ಹೇಳಬಹುದಿತ್ತು.

"ಸರ್ ಬರ್ಲಿ ತಡೀರಿ, ಅವರ ಮುಂದ ಹೇಳ್ತೀನಿ," ಎಂದ.

ಪಂಪಾಪತಿ ಸರ್ ಬಂದು ಕೂತದ್ದೇ ತಡ, ಶುರುಮಾಡಿದ. "ಸರ್, ಮೇಡಮ್ಮೋರು ಫೋಕಸ್ಸಿನ ಆಚೆ ಈಚೆ ಅದಲುಬದಲು ಮಾಡ್ಯಾರ್ರಿ. ಇದು ಪೂರಾ ತಪ್ಪೈತ್ರಿ."

ಐಶ್ವರ್ಯಳ ಮುಖ ಸಪ್ಪಗಾಯಿತು. ಕಡತಗಳನ್ನು ತೆರೆದು ನೋಡಿ, "ಹೌದ್ರಿ, ತಪ್ಪು ನಂದ ಐತಿ," ಎಂದವಳೇ ಚಿತ್ರಗಳ ಸ್ಥಾನ ಬದಲಿಸಿ ಮತ್ತೆ ಲೆಕ್ಕಕ್ಕೆ ಹಚ್ಚಿದಳು.

ಹತ್ತು ನಿಮಿಷಕ್ಕೆ ಹೊಸ ಚಿತ್ರ ಬಂತು. ಗುಳ್ಳೆಗಳಿದ್ದಲ್ಲೆಲ್ಲ ಈಗ ತೂತು. ಕುಷ್ಟಗಿ ಕಡೆಯ ಫ್ಲೋರೈಡ್ ನೀರು ಸೋಸಲು ಬೇಕಾದದ್ದು ಇಂಥ ತೂತಿನ ಬೂದಿಯೇ. ಕಲ್ಲೇಶ ಆರು ವರ್ಷ ಹುಡುಕಿದ್ದೂ ಅದನ್ನೇ.

ಸರ್ ಕನ್ನಡಕ ಏರಿಸಿ ತೆರೆಗೆ ಬಾಗಿದರು. "ಇದಕ್ಕ ಎಷ್ಟ ಬಡದಾಡಿದ್ವಿ ಯವ್ವಾ. ಭಾಳ ಛಲೋ ಮಾಡಿದಿ, ಐಶ್ವರ್ಯಾ."

"ಕಲ್ಲೇಶ ಸರ್ ನೋಡಿದ್ದಕ್ಕ ಮರ್ಯಾದಿ ಉಳೀತ್ರಿ," ಎಂದಳು ಅವಳು, ಮನಸಾರೆ. "ಲೇಖನದ ಕೊನೀಗೆ ಉಪಕಾರ ನೆನೆಯೋ ಸಾಲಿನಾಗ ಅವರ ಹೆಸರು ಹಾಕ್ತೀನ್ರಿ."

ಟೈಪು ಮಾಡುತ್ತಿದ್ದವಳು ಕೈ ತಡೆದು ಕೇಳಿದಳು, "ಸರ್, ನಿಮ್ಮ ಇನಿಷಿಯಲ್ ಏನ್ರಿ?"

"ಎಚ್," ಎಂದ ಕಲ್ಲೇಶ.

ಅವಳು ಆ ಅಕ್ಷರವನ್ನು ಒತ್ತಿ, ಪುಟವನ್ನು ಸರಿಸಿ ಮೇಲಿನ ಚಿತ್ರಕ್ಕೆ ಹೋದಳು.