ತಿಪ್ಪವ್ವನ ಪದ್ಯ

ಹಂಚಿನ ಮೇಲಿನ ರೊಟ್ಟಿ ಸೀಯುತ್ತಿದ್ದರೂ ನಿರ್ಮಲಳಿಗೆ ನಗು ತಡೆಯಲಾಗಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತಿದ್ದ ಜಯಕರ ಮುಖ ಗಂಭೀರ ಮಾಡಿಕೊಂಡು ಇನ್ನೊಮ್ಮೆ ಹೇಳಿದ:

ವರ್ಕಿಯ ಅಂಗಡಿ ಬೆಲ್ಲಕೆ ಮುತ್ತಿತು
ಪೈಲಿಯ ಮನೆಯ ನೊಣ,
ಪೈಲಿಯ ಕರೆದರೆ ಬಂದಿತು ನೋಡಿರಿ
ಪೊರಿಂಜು ಲೋನನ ಗಣ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ರೊಟ್ಟಿ ತಿರುವಿದಳು. ಸೀದದ್ದನ್ನು ತನ್ನ ತಟ್ಟೆಗೆ ಹಾಕಿಕೊಂಡು, ಮುಂದಿನದನ್ನು ಅವನಿಗೆ ಕೊಟ್ಟಳು.

ಜಯಕರನಿಗೆ ಇಪ್ಪತ್ತಮೂರು. ಕಾಸರಗೋಡಿನವನು, ತುಂಬಾದ ರಾಕೆಟ್ ಕೇಂದ್ರದಲ್ಲಿ ನಕ್ಷೆ ಬರೆಯುವ ಕೆಲಸ ಸಿಕ್ಕಿ ತಿರುವನಂತಪುರಕ್ಕೆ ಬಂದು ಎರಡು ವರ್ಷವಾಗಿತ್ತು. ಬೇರೆಯವರು ಸ್ಟಾಂಪು ಕೂಡಿಡುವ ಹಾಗೆ ಅವನು ಅಲ್ಲಿನ ಕ್ರೈಸ್ತರ ಹೆಸರುಗಳನ್ನು ಕೂಡಿಡುತ್ತಿದ್ದ. ಬಸ್ಸಿನಲ್ಲಿ ಒಬ್ಬ ಇನ್ನೊಬ್ಬನನ್ನು 'ಉಲಹನ್ನಾನ್' ಎಂದು ಕರೆದದ್ದು ಕಿವಿಗೆ ಬಿದ್ದರೆ ಆ ದಿನವೆಲ್ಲ ಬಾಯಿಚಪ್ಪರಿಸುತ್ತಿದ್ದ. ಚುಮ್ಮಾರ್, ಇಟ್ಟೂಪ್, ಕುರಿಯಾಕೋಸ್: ಒಂದೊಂದನ್ನೂ ನಾಲಿಗೆಯ ಮೇಲೆ ಹೊರಳಿಸಿ, ಪ್ರಾಸ ಹುಡುಕಿ, ಸಂಜೆ ಪಕ್ಕದ ಮನೆಗೆ ತರುತ್ತಿದ್ದ. ಪಕ್ಕದ ಮನೆ ವಿಶ್ವೇಶ್ವರನದು. ಅದೇ ಕೇಂದ್ರದಲ್ಲಿ ಇಂಜಿನಿಯರ್, ಗದಗಿನ ಕಡೆಯವನು, ಮಾತು ಕಡಿಮೆ. ಅವನ ಹೆಂಡತಿ ನಿರ್ಮಲ ಜಯಕರನ ಎಲ್ಲ ಪದ್ಯಗಳನ್ನು ಮೊದಲು ಕೇಳುವವಳು. ಏಳು ವರ್ಷದ ಮಗಳು ರತ್ನ ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದ ಆ ಮನೆಯಲ್ಲಿ, ತನ್ನ ಭಾಷೆಯಲ್ಲಿ ಹೊಟ್ಟೆತುಂಬ ನಗುವುದಕ್ಕೆ ನಿರ್ಮಲಳಿಗೆ ಸಿಗುತ್ತಿದ್ದದ್ದು ಆ ಒಂದು ಗಳಿಗೆ.

ಅಂದು ಅವನು, ನಮ್ಮ ಕನ್ನಡದವರಿಗೆ ಇಂಥ ಹೆಸರೇ ಇಲ್ಲ, ಎಲ್ಲರೂ ಸರೋಜಿನಿ, ಎಲ್ಲರೂ ರಾಧಾಕೃಷ್ಣ ಎಂದು ಗೊಣಗಿದ. ನಿರ್ಮಲ ಹೊರಗಿನ ಕೋಣೆಯ ಕಡೆ ಒಮ್ಮೆ ನೋಡಿದಳು. ಗಂಡ ಇನ್ನೂ ಬಂದಿರಲಿಲ್ಲ.

"ನನ್ನ ಹೆಸರು ಏನಂತ ತಿಳದೀ ನೀ?" ಎಂದಳು.

"ನಿರ್ಮಲ ಅಲ್ವಾ ಅಕ್ಕ?"

"ಅದು ಮದವಿ ದಿನ ನಿಮ್ಮ ಭಾವ ಅಕ್ಕಿ ತಾಟಿನಾಗ ಬರದದ್ದು. ನಮ್ಮವ್ವ ಇಟ್ಟದ್ದು ತಿಪ್ಪವ್ವ."

ಆಮೇಲೆ ಹಿಟ್ಟಿನ ಕೈಯಲ್ಲೇ ಕುಳಿತು ಹೇಳಿದಳು. ಅವಳಿಗಿಂತ ಮೊದಲು ಅವಳವ್ವನಿಗೆ ಹುಟ್ಟಿದ ಮಕ್ಕಳು ಒಂದೂ ಉಳಿದಿರಲಿಲ್ಲ. ಎಲ್ಲಕ್ಕೂ ಚೆಂದದ ದೇವರ ಹೆಸರುಗಳನ್ನೇ ಇಟ್ಟಿದ್ದರು. ಇವಳು ಹುಟ್ಟಿದಾಗ ಮೊರದಲ್ಲಿ ಮಲಗಿಸಿ ಊರ ತಿಪ್ಪೆಯ ಮೇಲೆ ಇಟ್ಟು ಬಂದರು. ಓಣಿಯ ಮುದುಕಿಯೊಬ್ಬಳು ಸಿಕ್ಕ ಕೂಸೆಂದು ಎತ್ತಿಕೊಂಡು ಬಂದಳು. ಅವ್ವ ಹಿಡಿ ತೌಡು ಕೊಟ್ಟು ಕೊಂಡುಕೊಂಡಳು. ಕಸ ಎಂದುಕೊಂಡು ಸಾವು ಮುಟ್ಟದೆ ಹೋಗಲಿ ಎಂದು.

"ನಮ್ಮವ್ವ ಸಾಯೂತನಕ ಹಂಗ ಕರದ್ಲು. ಈಗ ಆ ಹೆಸರಿನಿಂದ ಕರಿಯಾವ್ರು ಯಾರೂ ಉಳದಿಲ್ಲ" ಎಂದಳು. ಬೆರಳಿಗಂಟಿದ ಹಿಟ್ಟು ಉಜ್ಜಿ ತೆಗೆಯುತ್ತ, "ಯಾರ ಮುಂದೂ ಅನಬ್ಯಾಡ, ತಮ್ಮಾ. ನಿಮ್ಮ ಭಾವಗ ಸೇರೂದಿಲ್ಲ" ಎಂದಳು.

ಜಯಕರ ಇಲ್ಲ ಎಂದ. ಆದರೆ ತನ್ನ ಕೋಣೆಗೆ ನಡೆದು ಹೋಗುವ ಅಷ್ಟು ದೂರದಲ್ಲೇ ತಿಪ್ಪೆ, ತೌಡು, ಕೋಳಿ ತಲೆಯಲ್ಲಿ ಸಾಲಾಗಿ ನಿಂತುಬಿಟ್ಟಿದ್ದವು. ಚಪ್ಪಲಿ ಬಿಡುವ ಮೊದಲೇ ಪದ್ಯ ಮುಗಿದಿತ್ತು. ಇಷ್ಟು ಸಲೀಸಾಗಿ ಅವನಿಗೆ ಯಾವ ಪದ್ಯವೂ ಬಂದಿರಲಿಲ್ಲ. ಅದನ್ನು ಅವಳಿಗೆ ತೋರಿಸಲಿಲ್ಲ.

ಆ ವರ್ಷ ಕೊಚ್ಚಿಯ ಕನ್ನಡ ಸಂಘದವರು ತಿರುವನಂತಪುರದವರನ್ನೂ ರಾಜ್ಯೋತ್ಸವಕ್ಕೆ ಕರೆದಿದ್ದರು. ಮಟ್ಟಾಂಚೇರಿಯಲ್ಲಿ ಶುಂಠಿ ಮಂಡಿಯೊಂದರ ಮಹಡಿಯ ಮೇಲೆ ಸಭೆ. ಎರ್ನಾಕುಲಂ ಜೆಟ್ಟಿಯಿಂದ ಎಲ್ಲರೂ ಒಂದೇ ದೋಣಿಯಲ್ಲಿ ದಾಟಿದರು. ನಿರ್ಮಲ ಹಸಿರು ಇಳಕಲ್ ಸೀರೆ ಉಟ್ಟು, ರತ್ನಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹಡಗುಗಳನ್ನು ತೋರಿಸುತ್ತಿದ್ದಳು. ಮುಖ್ಯ ಅತಿಥಿ ಯಜ್ಞನಾರಾಯಣ, ಮಂಗಳೂರಿನ ವಾರಪತ್ರಿಕೆಯೊಂದರ ಸಂಪಾದಕರು. ಜಯಕರ ಅವರಿಗೆ ಕಳಿಸಿದ್ದ ಪದ್ಯಗಳೆಲ್ಲ ಒಂದು ಸಾಲಿನ ವಿಷಾದದೊಂದಿಗೆ ವಾಪಸು ಬಂದಿದ್ದವು.

ಊಟದ ನಂತರ ಕವಿಗೋಷ್ಠಿ. ಜಯಕರನ ಸರದಿ ಬರುವಾಗ ಜನ ತೂಕಡಿಸುತ್ತಿದ್ದರು. ವರ್ಕಿ ಪೈಲಿಯರಿಗೆ ಹಿಂದಿನ ಸಾಲಿನಲ್ಲಿ ಒಬ್ಬಿಬ್ಬರು ನಕ್ಕರು. ಉಲಹನ್ನಾನನಿಗೆ ಅದೂ ಇಲ್ಲ. ಯಜ್ಞನಾರಾಯಣರು ಪಕ್ಕದವರ ಕಿವಿಯಲ್ಲಿ ರೈಲಿನ ಸಮಯ ಕೇಳುತ್ತಿದ್ದರು. ಜಯಕರ ಹಾಳೆ ಮಡಿಸಿ ಜೇಬಿಗಿಟ್ಟ.

"ಕೊನೆಗೆ ಒಂದು ನಮ್ಮದೇ ಹೆಸರು. ತಿಪ್ಪವ್ವ" ಎಂದ.

ಮೂರನೆಯ ಸಾಲಿನಲ್ಲಿ ಹಸಿರು ಸೀರೆ ನೆಟ್ಟಗಾಯಿತು. ನಿರ್ಮಲ ಬೇಡ ಎಂಬಂತೆ ತಲೆ ತುಸುವೇ ಅಲ್ಲಾಡಿಸಿದಳು. ಪಕ್ಕದಲ್ಲಿದ್ದವರಿಗೂ ಅದು ಕಂಡಿರಲಿಕ್ಕಿಲ್ಲ. ಜಯಕರನಿಗೆ ಕಂಡಿತು. ಅಷ್ಟರಲ್ಲಿ ಬರೀ ಹೆಸರಿಗೇ ಒಂದು ಸಣ್ಣ ನಗೆ ಎದ್ದು ಸಭೆಯ ತುದಿಯವರೆಗೆ ಹೋಗಿತ್ತು. ಯಜ್ಞನಾರಾಯಣರು ಮುಖ ಎತ್ತಿದ್ದರು. ಅವನು ಹೇಳಿದ:

ತಿಪ್ಪವ್ವ ತಿಪ್ಪವ್ವ ತಿಪ್ಪೆಗೆ ಬಂದಳು,
ಕೋಳಿಗೆ ಎಂದಳು 'ಜಾಗ ಕೊಡು'.
ಕೋಳಿಯು ಎಂದಿತು, 'ಹಿಡಿ ತೌಡಿಟ್ಟು
ಕೊಂಡವರಿದ್ದರೆ ಮಾರಿಬಿಡು'.

ಮಹಡಿಯ ಹಲಗೆಗಳು ನಡುಗುವಷ್ಟು ನಕ್ಕರು. ಇನ್ನೊಮ್ಮೆ ಎಂದರು. ಅವನು ಇನ್ನೊಮ್ಮೆ ಹೇಳಿದ, ಈ ಸಲ ಕೋಳಿಯ ಹಾಗೆ ಕತ್ತು ಕೊಂಕಿಸಿ. ಮಕ್ಕಳು ಎದ್ದು ನಿಂತು ಜೊತೆಗೆ ಕೂಗಿದರು. ಇಳಿಯುವ ಮೊದಲು, ಯಾರೂ ಕೇಳದಿದ್ದರೂ, ಇದು ಕಟ್ಟುಕತೆಯಲ್ಲ, ಈ ತಿಪ್ಪವ್ವ ಈ ಸಭೆಯಲ್ಲೇ ಇದ್ದಾರೆ ಎಂದು ಸೇರಿಸಿದ. ಯಾಕೆ ಸೇರಿಸಿದೆ ಎಂದು ಅವನಿಗೂ ತಿಳಿಯಲಿಲ್ಲ. ಆ ಕ್ಷಣಕ್ಕೆ ಅದು ಪದ್ಯದ್ದೇ ಐದನೆಯ ಸಾಲಿನಂತೆ ಬಾಯಿಗೆ ಬಂತು. ಯಜ್ಞನಾರಾಯಣರು ಬೆನ್ನು ತಟ್ಟಿ, ಇದನ್ನು ಮುಂದಿನ ವಾರವೇ ಹಾಕುತ್ತೇನೆ ಎಂದರು.

ಸಂಜೆಯ ರೈಲಿನಲ್ಲಿ ತಿರುವನಂತಪುರದ ಕನ್ನಡದವರೆಲ್ಲ ಒಂದೇ ಡಬ್ಬಿಯಲ್ಲಿದ್ದರು. ಕಾಯಂಕುಳಂ ದಾಟುವಷ್ಟರಲ್ಲಿ ಆಟ ಶುರುವಾಯಿತು. ಶುರುಮಾಡಿದವರು ಅನಸೂಯಾ, ವಿಶ್ವೇಶ್ವರನ ಮೇಲಧಿಕಾರಿಯ ಹೆಂಡತಿ, ಮೈಸೂರಿನವರು.

"ಯಾರ್ರೀ ಅದು ತಿಪ್ಪವ್ವ? ಹೇಳ್ಬಿಡಿ, ಇಲ್ದಿದ್ರೆ ನಂಗೆ ಅನ್ನ ಸೇರೋಲ್ಲ" ಎಂದು ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ಹೆಂಗಸರು ಒಬ್ಬೊಬ್ಬರೂ ಆಣೆ ಮಾಡಿ ನಕ್ಕರು. ಜಯಕರನನ್ನು ಕೇಳಿದಾಗ ಅವನು ಬಾಗಿಲ ಬಳಿ ನಿಂತಲ್ಲಿಂದಲೇ, ಕವಿ ಗುಟ್ಟು ಬಿಡುವುದಿಲ್ಲ ಎಂದ. ಅದಕ್ಕೂ ನಕ್ಕರು. ಯಾರೋ, 'ಅವ್ವ' ಅಂದರೆ ಧಾರವಾಡದ ಕಡೆಯವರೇ ಇರಬೇಕು ಎಂದರು. ಆ ಕಡೆಯ ಸಂಸಾರ ಡಬ್ಬಿಯಲ್ಲಿ ಇದ್ದದ್ದು ಒಂದೇ. ಎಲ್ಲರ ಮುಖ ನಿಧಾನವಾಗಿ ನಿರ್ಮಲಳ ಕಡೆ ತಿರುಗಿತು. ರತ್ನ ಅವಳ ತೊಡೆಯ ಮೇಲೆ ನಿದ್ದೆಹೋಗಿದ್ದಳು.

"ನಾನಲ್ರೀ" ಎಂದಳು ನಿರ್ಮಲ.

ವಿಶ್ವೇಶ್ವರ ಕಿಟಕಿಯ ಹೊರಗೆ ನೋಡುತ್ತಿದ್ದ. ಆ ಕಡೆಯಿಂದ ಮುಖ ತಿರುಗಿಸಿದಾಗ ಅವನ ತುಟಿಯಲ್ಲಿ ನಗುವಿತ್ತು. ಅವನು ಇಷ್ಟು ಹಗುರವಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಸುಳ್ಳ್ಯಾಕ ಹೇಳ್ತೀ, ತಿಪ್ಪವ್ವ? ಆ ನೀರಿನ ತಂಬಗಿ ಕೊಡು ಇತ್ತ."

ಡಬ್ಬಿಗೆ ಡಬ್ಬಿಯೇ ನಕ್ಕಿತು. ಅನಸೂಯಾ ಚಪ್ಪಾಳೆ ತಟ್ಟಿದರು. ನಿರ್ಮಲ ಮಗಳ ತಲೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಬಾಗಿ, ಸೀಟಿನ ಕೆಳಗಿನ ತಂಬಿಗೆ ತೆಗೆದು ಕೊಟ್ಟಳು. ಅವನು ನೀರು ಕುಡಿದು, ತಂಬಿಗೆ ಹಿಂದಿರುಗಿಸುವಾಗ ದನಿ ತಗ್ಗಿಸಿ ಅಂದದ್ದು ಬಾಗಿಲ ಬಳಿಯವನಿಗೂ ಕೇಳಿಸಿತು: "ಹತ್ತು ವರ್ಷ ನಾ ಮುಚ್ಚಿಟ್ಟದ್ದು. ನೀ ಆ ಹುಡುಗನ ಮುಂದ ಬಿಚ್ಚಿದಿ."

ಜಯಕರ ಬಾಗಿಲ ಸರಳು ಹಿಡಿದು ಹೊರಗೆ ನೋಡಿದ. ಹೋಗಿ ಏನಾದರೂ ಹೇಳಬೇಕು ಎನ್ನಿಸಿತು. ಏನು ಹೇಳುವುದೆಂದು ಯೋಚಿಸುತ್ತಿರುವಾಗ, ಪತ್ರಿಕೆಯಲ್ಲಿ ಪದ್ಯದ ಜೊತೆ ಚಿತ್ರ ಹಾಕುತ್ತಾರೋ ಇಲ್ಲವೋ ಎಂಬ ಯೋಚನೆ ನಡುವೆ ನುಗ್ಗಿತು. ಕೊಲ್ಲಂ ಬರುವವರೆಗೂ ಅದೇ ಇತ್ತು.

ಆಮೇಲೆ ಕೆಲವು ವಾರ ಅವನು ಪಕ್ಕದ ಮನೆಗೆ ಹೋಗಲಿಲ್ಲ. ಹೆಂಗಸರು ನಿರ್ಮಲಳನ್ನು ಎದುರಿಗೆ ನಿರ್ಮಲ ಎಂದೂ, ಹಿಂದಿನಿಂದ ಇನ್ನೊಂದಾಗಿಯೂ ಕರೆಯುತ್ತಾರೆಂಬ ಸುದ್ದಿ ಆಫೀಸಿನ ಬಸ್ಸಿನಲ್ಲಿ ಸಿಕ್ಕಿತು. ವಿಶ್ವೇಶ್ವರ ಆ ಬಸ್ಸಿನಲ್ಲಿ ಅವನ ಪಕ್ಕ ಬಂದು ಕುಳಿತು, ಹವೆಯ ಬಗ್ಗೆ ಎರಡು ಮಾತಾಡಿದ. ಪತ್ರಿಕೆ ಬಂತು. ಚಿತ್ರವೂ ಇತ್ತು: ಮೊರದಲ್ಲಿ ಕೂಸು, ಪಕ್ಕದಲ್ಲಿ ಕೋಳಿ. ಬೆಂಗಳೂರಿನಿಂದ ಒಬ್ಬರು ಮೆಚ್ಚಿ ಬರೆದರು. ಹೊಸ ಪದ್ಯಗಳನ್ನೂ ಕಟ್ಟಿದ. ಆದರೆ ಓದಿ ತೋರಿಸಲು ಯಾರೂ ಇರಲಿಲ್ಲ. ಒಂದು ಭಾನುವಾರ ಪತ್ರಿಕೆ ಹಿಡಿದುಕೊಂಡು ಹೊರಟ. ಅಕ್ಕ ಒಮ್ಮೆ ಓದಿದರೆ, ಅದು ಹೀಯಾಳಿಕೆಯಲ್ಲ, ಅವ್ವನ ಆಸೆಯ ಮೇಲೆ ಕಟ್ಟಿದ್ದು ಎಂದು ತಿಳಿದೀತು ಎಂದುಕೊಂಡ.

ಅಂಗಳದಲ್ಲಿ ಹುಡುಗಿಯರು ಹಗ್ಗದಾಟ ಆಡುತ್ತಿದ್ದರು. ಹಗ್ಗದ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿದ್ದರು. ಇನ್ನೊಂದು ತುದಿ ಹಿಡಿದು ನಿರ್ಮಲ ಬೀಸುತ್ತಿದ್ದಳು. ನಡುವೆ ರತ್ನ, ಎರಡು ಜಡೆ ಹಾರಿಸುತ್ತ, ಮಲಯಾಳದ ರಾಗದಲ್ಲಿ ಹೇಳುತ್ತ ಕುಣಿಯುತ್ತಿದ್ದಳು:

"ತಿಪ್ಪವ ತಿಪ್ಪವ ತಿಪ್ಪೆಗೆ ಬಂದಳು..."

ಉಳಿದವರು ಕೋಳಿಯ ಮಾತು ಹೇಳುತ್ತಿದ್ದರು. ಜಯಕರ ಗೇಟಿನ ಹೊರಗೇ ನಿಂತ. ಪತ್ರಿಕೆ ತಂದಿದ್ದೇನೆ ಎಂದ. ನಿರ್ಮಲ ಅವನ ಕಡೆ ನೋಡಿದಳು. ಕೈ ನಿಲ್ಲಲಿಲ್ಲ.

"ಅಲ್ಲೇ ಕಟ್ಟೀ ಮ್ಯಾಲ ಇಡ್ರಿ" ಎಂದಳು.

ಅವಳು ಅವನಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ಅವನು ಮಗಳ ಕಡೆ ಸನ್ನೆ ಮಾಡಿ, ತಿಪ್ಪವ್ವ ಯಾರೆಂದು ಇವಳಿಗೆ ಗೊತ್ತಾ ಎಂದು ಮೆಲ್ಲಗೆ ಕೇಳಿದ.

"ಇಲ್ಲ. ಬ್ಯಾಡ ಅಂದ್ರ ಯಾಕಂತ ಕೇಳ್ತದ." ಹಗ್ಗ ನೆಲಕ್ಕೆ ಬಡಿದು ಮೇಲೆ ಹೋಯಿತು. "ನೀವೂ ಹೇಳಬ್ಯಾಡ್ರಿ."

ಅವನು ಪತ್ರಿಕೆಯನ್ನು ಕಟ್ಟೆಯ ಮೇಲಿಟ್ಟ. ಹೋಗಬೇಕಿತ್ತು. ಆದರೆ ಕಿವಿಗೆ ಏನೋ ಹೊಸದು ತಾಗಿತು. ತಾನು ಬರೆದಾಗ ಮೊದಲ ಸಾಲು ಹೆಸರಿನ ಹತ್ತಿರ ಒಂದಿಷ್ಟು ಎಡವುತ್ತಿತ್ತು. ಮಕ್ಕಳು ಹೆಸರಿನ ಒತ್ತೊಂದನ್ನು ಹಾರಿಸಿಬಿಟ್ಟಿದ್ದರು, ಈಗ ಸಾಲು ನೀರಿನ ಹಾಗೆ ಓಡುತ್ತಿತ್ತು. ತಿಪ್ಪವ, ತಿಪ್ಪವ. ಅವನು ತುಟಿಯಲ್ಲೇ ಹೇಳಿಕೊಂಡು ನೋಡಿದ. ನಿರ್ಮಲಳ ತೋಳು ಒಂದೇ ಸಮನೆ ಸುತ್ತುತ್ತಿತ್ತು, ಹಗ್ಗ ಮಣ್ಣಿಗೆ ಬಡಿಯುತ್ತಿತ್ತು, ಗೇಟಿನಾಚೆ ಜಯಕರನ ಹೆಬ್ಬೆರಳು ಚಪ್ಪಲಿಯೊಳಗೆ ತಾಳ ಹಾಕುತ್ತಿತ್ತು.